ಬಿಟ್ಟ ಕೂಗು

ಅಮೋಗೆಪ್ಪನ ಕುರಿಗಳು ಗಜೇಂದ್ರಗಡದ ಆಚೆಯ ಗುಡ್ಡಗಳಲ್ಲಿದ್ದವು. ಅಮೋಗೆಪ್ಪ ಹುಬ್ಬಳ್ಳಿಯ ಅಂಚಿನ ಒಂದು ವಸತಿ ಗೋಪುರದ ಏಳನೇ ಮಹಡಿಯಲ್ಲಿದ್ದ. ಹಾಗಿದ್ದರೂ ಕುರಿಗಳು ಅವನ ಮಾತನ್ನೇ ಕೇಳುತ್ತಿದ್ದವು. ಅವನ ದನಿ ಹೊರಡಿ ಎಂದರೆ ಹೊರಡುತ್ತಿದ್ದವು, ನೀರಿಗೆ ಬನ್ನಿ ಎಂದರೆ ಬರುತ್ತಿದ್ದವು. ಅದೇ ಹೊತ್ತಿನಲ್ಲಿ ಅಮೋಗೆಪ್ಪ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಸೊಸೆ ಜಕ್ಕವ್ವ ಮಾಡಿದ ಪುಂಡಿಪಲ್ಲೆಗೆ ಉಪ್ಪು ಕಮ್ಮಿಯಾಗಿದೆ ಎಂದು ಗೊಣಗುತ್ತಿರಬಹುದು. ಕುರಿಗಳಿಗೆ ಅದು ಗೊತ್ತಾಗುವ ಹಾಗಿರಲಿಲ್ಲ.

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಿ, ಬೆವರು ಹರಿದರೂ ಮೈ ತಣಿಯದಂಥ ಸೆಕೆ ಆ ಸೀಮೆಗೆ ಬಂದು ಕೂತಿತ್ತು. ಕುರುಬರು ರಾತ್ರಿ ಗೊಬ್ಬರಕ್ಕೆಂದು ಹಿಂಡು ತರುಬುತ್ತಿದ್ದ ಹೊಲಗಳೆಲ್ಲ ಸೌರಫಲಕಗಳ ಅಡಿಗೆ ಹೋಗಿದ್ದವು. ಕುದುರೆಯ ಮೇಲೆ ಗಂಟುಮೂಟೆ ಹೇರಿಕೊಂಡು ನಡೆಯುತ್ತಿದ್ದ ದಾರಿಯಲ್ಲಿ ಒಂದು ಬಾವಿಯೂ ಉಳಿದಿರಲಿಲ್ಲ. ಕೊನೆಯ ಬೇಸಿಗೆಯಲ್ಲಿ ಜಕ್ಕವ್ವನ ಗಂಡ ಮುತ್ತೆಪ್ಪ ಹಿಂಡಿನ ನಡುವೆಯೇ ಕುಸಿದು ಬಿದ್ದ. ಬಿಸಿಲಿನಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ಒತ್ತಿ ನಿಲ್ಲುತ್ತವೆ. ಅವನ ಸುತ್ತಲೂ ಹಾಗೇ ನಿಂತಿದ್ದರಿಂದ ಅವನು ಬಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅದಾದ ಮೇಲೆ ಚಳಿಗಾಲದ ಕೆಲವು ವಾರ ಬಿಟ್ಟರೆ ಆ ಗುಡ್ಡಗಳಿಗೆ ಮನುಷ್ಯರು ಕಾಲಿಡಬಾರದೆಂದು ಕಾಯಿದೆಯಾಯಿತು.

ಮನುಷ್ಯರನ್ನೇನೋ ಊರಿಗೆ ಸಾಗಿಸಬಹುದು, ಕುರಿಗಳನ್ನು ಎಲ್ಲಿಗೆ ಸಾಗಿಸುವುದು? ಹುಲ್ಲುಗಾವಲು ಮಂಡಳಿ ಎಂಬ ಹೊಸ ಮಂಡಳಿಯವರು ಅದಕ್ಕೊಂದು ದಾರಿ ಹುಡುಕಿದರು. ಕುರಿಗಳು ಅಲ್ಲಿಯೇ ಇರಲಿ. ಹಗಲು ಗುಡ್ಡದ ಕೊಳ್ಳಗಳಲ್ಲಿ, ಚಪ್ಪರದ ತಂಪಿನಲ್ಲಿ ಮಲಗಲಿ. ಹೊತ್ತು ಇಳಿದ ಮೇಲೆ ಮೇಯಲಿ. ಅವುಗಳ ಹಿಂದೆ ಕುರುಬ ಬೇಡ, ಕುರುಬನ ದನಿ ಹೋದರೆ ಸಾಕು.

ಪ್ರತಿ ಕುರಿಯ ಕೊರಳಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವಿದ್ದ ಪಟ್ಟಿ ಕಟ್ಟಿದರು. ಅದು ಕೂಗುತ್ತಿತ್ತು, ಕೇಳಿಸಿಕೊಳ್ಳುತ್ತಿತ್ತು, ಕುರಿ ಎಲ್ಲಿದೆಯೆಂದು ತಿಳಿಸುತ್ತಿತ್ತು. ಮೊದಲು ಯಂತ್ರವೇ ಕಟ್ಟಿದ ದನಿಯನ್ನು ಕೇಳಿಸಿ ನೋಡಿದರು. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಆಮೇಲೆ ಆಯಾ ಹಿಂಡಿನ ಕುರುಬರನ್ನೇ ಕರೆಸಿ ಕೂಗಿಸಿ ಮುದ್ರಿಸಿಕೊಂಡರು. ಎಲ್ಲ ಪಟ್ಟಿಗಳೂ ಒಟ್ಟಿಗೆ ಕೂಗಿದರೆ ಕುರಿಗಳಿಗೆ ದಿಕ್ಕು ತಿಳಿಯುವುದಿಲ್ಲ. ಹಾಗಾಗಿ ದನಿ ಒಂದು ಕೊರಳಿನಿಂದ ಮುಂದಿನ ಕೊರಳಿಗೆ ಸರಿಯುತ್ತ ಹೋಗುತ್ತಿತ್ತು, ಕತ್ತಲೆಯಲ್ಲಿ ಕುರುಬ ಮುಂದೆ ಮುಂದೆ ನಡೆದಂತೆ. ಅಮೋಗೆಪ್ಪ ಹೀಗೆ ದಿನವೂ ಗುಡ್ಡ ಹತ್ತಿ ಇಳಿಯುತ್ತಿದ್ದ. ಮನೆಯಲ್ಲಿ ಮಾತ್ರ ಮಂಡಿನೋವೆಂದು ಎದ್ದು ನೀರು ಕುಡಿಯಲೂ ಬೇಸರಪಡುತ್ತಿದ್ದ.

ಬಡಾವಣೆಯ ಗೇಟಿನ ಪಕ್ಕದಲ್ಲೇ ಮಂಡಳಿಯ ಕಾವಲು ಕೇಂದ್ರ. ಜಕ್ಕವ್ವನಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ದೊಡ್ಡ ಪರದೆಯ ಮೇಲೆ ಹಿಂಡುಗಳು ಚುಕ್ಕಿಗಳಾಗಿ ಕಾಣುತ್ತಿದ್ದವು. ಹೊತ್ತಿಗೆ ಸರಿಯಾಗಿ ಇಂಥ ಕೂಗು ಎಂದು ಗುಂಡಿ ಒತ್ತುವುದು, ದಾರಿ ತಪ್ಪಿದ ಚುಕ್ಕಿಯ ಮೇಲೆ ಕಣ್ಣಿಡುವುದು ಅವಳ ಕೆಲಸ. ಸಂಜೆ ಮನೆಗೆ ಹೋಗಿ ಮೊಬೈಲನ್ನು ಮಾವನ ಕಿವಿಗೆ ಹಿಡಿಯುತ್ತಿದ್ದಳು. ಗಂಟೆಗಳ ಸದ್ದು, ಕುರಿ ಕೆಮ್ಮುವುದು, ಹುಲ್ಲು ಕಿತ್ತು ಮೆಲ್ಲುವುದು ಎಲ್ಲ ಕೇಳುತ್ತಿತ್ತು. ಬಾಲ್ಕನಿಯಲ್ಲಿ ಕಂಬಳಿ ಹಾಸಿಕೊಂಡು ಕೂತ ಮುದುಕ ಕಣ್ಣು ಮುಚ್ಚಿ ಕೇಳಿ, ಇನ್ನು ಸಾಕು ಎಂಬಂತೆ ಕೈ ಆಡಿಸುತ್ತಿದ್ದ. ಒಮ್ಮೊಮ್ಮೆ ಅವನ ಕಣ್ಣಲ್ಲಿ ನೀರಿರುತ್ತಿತ್ತು. ಅವಳು ನೋಡಿಯೂ ನೋಡದಂತೆ ಒಲೆಯ ಕಡೆ ಹೋಗುತ್ತಿದ್ದಳು.

ಲಿಫ್ಟಿನಲ್ಲಿ ಅವನು ಕಾಲಿಡುತ್ತಿರಲಿಲ್ಲ. ಅಷ್ಟು ಸಣ್ಣ ಕೋಣೆಯಲ್ಲಿ ತುಂಬಿಕೊಂಡು ಹೋಗುವುದು ಕಟುಕರ ಗಾಡಿಯಲ್ಲಿ ಮಾತ್ರ ಎನ್ನುತ್ತಿದ್ದ. ಮಂಡಿನೋವೆಂದರೂ ಏಳು ಮಹಡಿ ಮೆಟ್ಟಿಲಲ್ಲೇ ಇಳಿದು, ಅಂಗಡಿಯ ಮುಂದೆ ಕೂತು ಬಂದವರಿಗೆಲ್ಲ ತನ್ನ ಹಿಂಡಿನ ಸುದ್ದಿ ಹೇಳಿ, ಮತ್ತೆ ಮೆಟ್ಟಿಲಲ್ಲೇ ಹತ್ತುತ್ತಿದ್ದ. ಹಿಂಡು ಅವನ ಹೆಸರಿನಲ್ಲಿತ್ತು. ಬಿಸಿಲು ಎಂದಾದರೂ ಇಳಿದರೆ ಅದರ ಹಿಂದೆ ಹೊರಡುವ ಹಕ್ಕೂ ಅವನದಾಗಿತ್ತು. ಬಡಾವಣೆಯವರಿಗೆ ಅವನೊಬ್ಬ ಮುದುಕ, ತನ್ನ ಲೆಕ್ಕಕ್ಕೆ ಅವನು ಹಿಂಡಿನ ಒಡೆಯ. ಮಗ ಹೋದ ಮೇಲೆ ಅವನಿಗೆ ಉಳಿದಿದ್ದು ಅದೊಂದೇ, ಆದ್ದರಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಅಮೋಗೆಪ್ಪನ ದನಿ ಮುದ್ರಿಸಿದ ದಿನ ಜಕ್ಕವ್ವ ಅವನ ಮಗ್ಗುಲಲ್ಲೇ ನಿಂತಿದ್ದಳು. ಗಾಜಿನ ಕೋಣೆಯ ಆಚೆ ಎಂಜಿನಿಯರ್ ಆಸ್ಮಾ ನದಾಫ. ಹುಬ್ಬಳ್ಳಿಯವಳೇ, ಚುರುಕು ಹೆಂಗಸು, ಮಾತಿನಲ್ಲಿ ಖಾರ ಜಾಸ್ತಿ. ಹೊರಡುವ ಕೂಗು, ನೀರಿನ ಕೂಗು, ಉಪ್ಪು ನೆಕ್ಕಿಸಲು ಕರೆಯುವ ಕೂಗು, ದಡ್ಡಿಯ ಬೇಲಿಯೊಳಗೆ ಕೂಡಿಸುವ ಕೂಗು ಎಲ್ಲ ಆದ ಮೇಲೆ ಅವಳು ಕೇಳಿದ್ದಳು: "ಯಜಮಾನ್ರ, ಹಿಂಡು ಒಡದು ಎತ್ತೆತ್ತಲೋ ಓಡೋ ಹಂಗ ಒಂದು ಕೂಗು ಐತೇನ್ರಿ? ಬೆಂಕಿ ಬಿದ್ರ, ಹಳ್ಳ ಬಂದ್ರ ಬೇಕಾಕ್ಕೈತಿ."

ಅಂಥದೊಂದು ಇತ್ತು. ಉಣ್ಣೆ ಕತ್ತರಿಸಿ ಮುಗಿದ ಮೇಲೆ ಕುರಿಯ ಮೇಲಿಂದ ಕೈ ತೆಗೆಯುತ್ತ, ಅದರ ಕಿವಿಯ ಬಳಿ ಕೂಗುವ ಕೂಗು. ಕೇಳಿದ ತಕ್ಷಣ ಕುರಿ ತಿರುಗಿ ನೋಡದೆ ಕಿತ್ತುಕೊಂಡು ಓಡುತ್ತದೆ. ಒಂದೊಂದೇ ಕುರಿಗೆ ಅದನ್ನು ಎಷ್ಟು ಸಲ ಬೇಕಾದರೂ ಕೂಗಬಹುದು. ಆದರೆ ಇಡೀ ಹಿಂಡಿಗೆ ಕೂಗಿದರೆ ಆ ಹಿಂಡನ್ನು ಕುಲದೇವರು ಬೀರಪ್ಪನಿಗೆ ಬಿಟ್ಟುಕೊಟ್ಟಂತೆ. ಕೂಗಿದವನು ಆ ಕುರಿಗಳನ್ನು ತನ್ನವೆಂದು ಮತ್ತೆ ಕರೆಯುವ ಹಾಗಿಲ್ಲ. ಆಮೇಲೆ ಯಾರ ಕರೆಗೆ ಅವು ಬರುತ್ತವೋ ಅವರೇ ಒಡೆಯರು. ಅವರ ಮನೆತನದಲ್ಲಿ ಅದನ್ನು ಬಿಟ್ಟ ಕೂಗು ಎನ್ನುತ್ತಿದ್ದರು. ಅಮೋಗೆಪ್ಪನ ಅಜ್ಜ ಕಾಡ್ಗಿಚ್ಚಿನ ಬಾಯಿಂದ ಹಿಂಡು ಉಳಿಸಲು ಅದನ್ನು ಕೂಗಿದ್ದ. ಕುರಿಗಳು ಅವನ ಭಾವಮೈದುನನ ಕರೆಗೆ ಬಂದವು. ಅಜ್ಜ ಸಾಯುವ ತನಕ ಆ ಭಾವಮೈದುನನ ಕೈಕೆಳಗೆ ಸಂಬಳದ ಕುರುಬನಾಗಿ ದುಡಿದ. ಈ ಕಥೆಯನ್ನು ಅಮೋಗೆಪ್ಪ ಹೇಳುವಾಗಲೆಲ್ಲ ಕೊನೆಯ ಭಾಗಕ್ಕೆ ದನಿ ತಗ್ಗಿಸುತ್ತಿದ್ದ.

ಯಂತ್ರಕ್ಕೆ ಕೊಟ್ಟರೆ ಅದು ಎಲ್ಲ ಕೊರಳುಗಳಿಗೂ ಹೋಗುತ್ತದೆ, ಇಡೀ ಹಿಂಡಿಗೆ ಕೂಗಿದಂತೆಯೇ. ಕೊಡುವುದಿಲ್ಲವೆಂದರೆ ಮಂಡಳಿಯವರು ಹಿಂಡನ್ನೇ ತೆಗೆದುಕೊಳ್ಳುವುದಿಲ್ಲ, ಸಂತೆಗೆ ಹೊಡೆಯಬೇಕಾಗುತ್ತದೆ. ಅಮೋಗೆಪ್ಪ ಉಪ್ಪಿನ ಕೂಗನ್ನೇ ಇನ್ನೊಂದಿಷ್ಟು ಎಳೆದು ಕೂಗಿದ. ಆಸ್ಮಾ ತಲೆ ಆಡಿಸಿ, "ಭಾಳ ಚಲೋ ಆತ್ರಿ" ಎಂದಳು. ಜಕ್ಕವ್ವ ನೆಲ ನೋಡುತ್ತ ನಿಂತಳು. ಉಳಿದ ಕೂಗುಗಳನ್ನೆಲ್ಲ ಗುಡ್ಡದಲ್ಲಿ ಪರೀಕ್ಷಿಸಿ ನೋಡಿದರು. ಅದೊಂದನ್ನು ನೋಡಲಿಲ್ಲ, ಚದುರಿದ ಹಿಂಡನ್ನು ಮತ್ತೆ ಕೂಡಿಸುವುದು ಯಾರಿಗೆ ಬೇಕಿತ್ತು?

ಮೂರು ವರ್ಷ ಅದು ಬೇಕಾಗಲೇ ಇಲ್ಲ. ಜಕ್ಕವ್ವ ಆ ಗುಂಡಿಯನ್ನು ದಿನವೂ ನೋಡುತ್ತಿದ್ದಳು. ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಮನೆಗೆ ಹೋಗುತ್ತಿದ್ದಳು.

ಆ ದಿನ ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತಿದ್ದಳಷ್ಟೆ. ಗುಡ್ಡದ ನೆತ್ತಿಯಲ್ಲಿದ್ದ ಮಳೆಮಾಪಕ ಕೂಗಿಕೊಂಡಿತು. ಈಗೀಗ ಮಳೆಯೆಂದರೆ ಹಾಗೆಯೇ, ತಿಂಗಳುಗಟ್ಟಲೆ ಇಣುಕದೆ ಒಂದೇ ಗಂಟೆಯಲ್ಲಿ ವರ್ಷದ್ದನ್ನೆಲ್ಲ ಸುರಿದು ಹೋಗುವುದು. ಅಮೋಗೆಪ್ಪನ ಹಿಂಡು ಹುಲಿಕೊಳ್ಳದ ಚಪ್ಪರದಲ್ಲಿ ಮಲಗಿತ್ತು. ಮೇಲಿನ ನೀರೆಲ್ಲ ಹರಿದು ಬರುವುದು ಅದೇ ಕೊಳ್ಳಕ್ಕೆ.

ಆಸ್ಮಾ ಓಡಿ ಬಂದಳು. "ಅರ್ಧ ತಾಸಿನ್ಯಾಗ ನೀರ ಬರತೈತ್ರಿ. ಚದುರಿಸ್ರಿ ಜಕ್ಕವ್ವಾ, ದಂಡಿ ಏರಿ ಹೋಗ್ಲಿ."

ಜಕ್ಕವ್ವನ ಕೈ ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಲಾಗಲಿಲ್ಲ.

"ಏನ್ ನೋಡಾಕತ್ತೀರಿ!" ಎಂದು ಆಸ್ಮಾ ತಾನೇ ಒತ್ತಿದಳು. ಪರದೆಯ ಮೇಲಿನ ಚುಕ್ಕಿಗಳು ಕದಲಿದವು. ಚಪ್ಪರದ ಅಂಚಿನಲ್ಲಿದ್ದವೂ ಎದ್ದು ನಡುವಿಗೆ ಬಂದು ಒತ್ತಿಕೊಂಡವು. ಉಪ್ಪು ಸಿಗುತ್ತದೆಂದು ಅವು ಒಂದನ್ನೊಂದು ತಳ್ಳಾಡುವ ಸದ್ದು ಕೇಂದ್ರದ ತುಂಬ ಕೇಳಿಸಿತು.

"ಇದೇನ್ರಿ ಇದು, ಕೂಡಾಕತ್ತಾವಲ್ಲ?"

"ಅದು ಆ ಕೂಗಲ್ರಿ ಮೇಡಂ. ಉಪ್ಪಿನ ಕೂಗು," ಎಂದಳು ಜಕ್ಕವ್ವ. ಉಳಿದಿದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು.

ಆಸ್ಮಾಳ ಮುಖ ಬಿಳಿಚಿತು. "ಮೂರು ವರ್ಷ ನನ್ನ ಮಗ್ಗಲದಾಗ ಕುಂತು ಹೇಳಲಿಲ್ಲ ನೀವು. ಈಗ ಏನ್ ಮಾಡ್ಲಿ ನಾನು? ಹೋಗ್ರಿ, ಅವರನ್ನ ಕರಕೊಂಡು ಬರ್ರಿ. ಓಡ್ರಿ!"

ಜಕ್ಕವ್ವ ಓಡಿದಳು. ಮನೆಯ ಬಾಗಿಲು ತೆರೆದೇ ಇತ್ತು. ಮಾವ ಬಾಲ್ಕನಿಯಲ್ಲಿ ಕಂಬಳಿಯ ಹರಿದ ಅಂಚನ್ನು ಹೊಲಿಯುತ್ತಿದ್ದ.

"ಮಾವಾರ, ಹುಲಿಕೊಳ್ಳಕ್ಕ ನೀರ ಬರಾಕತ್ತೈತಿ. ಕುರಿ ಚಪ್ಪರದಾಗ ಅದಾವ."

"ಮತ್ತ ಕೂಗಸ್ರಲ್ಲ. ನನ್ನ ದನಿ ನಿಮ್ಮ ಕಡೇನ ಐತಿ."

"ಯಾವ ದನಿ ಐತ್ರಿ? ನೀವು ಕೊಟ್ಟಿದ್ದು ಉಪ್ಪಿನ ಕೂಗು."

ಸೂಜಿ ಹಿಡಿದ ಕೈ ನಿಂತಿತು. ಮುದುಕ ಅವಳನ್ನೇ ನೋಡಿದ. "ನಿನಗ ಗೊತ್ತಿತ್ತೇನು?"

"ಮಗ್ಗಲದಾಗ ನಿಂತಿದ್ನಿ. ಗೊತ್ತಾಗಲಾರದ ಇರತೈತೇನ್ರಿ?"

"ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಸೊಸಿಯಾಗಿ, ನಮ್ಮ ಮಾವ ಸುಳ್ಳ ಕೂಗ್ಯಾನ ಅಂತ ಆ ಮಂದಿ ಮುಂದ ಹೆಂಗ ಹೇಳ್ಲಿ?" ಜಕ್ಕವ್ವನಿಗೆ ಅಳು ಬಂತು. ಅಳುತ್ತ ಕೂರುವ ಹೊತ್ತಲ್ಲ ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಒಂದೊಂದ ಕುರಿಗೆ ಬ್ಯಾರೆ ಬ್ಯಾರೆ ಕಳಸಾಕ ಬರತೈತ್ರಿ. ಉಣ್ಣಿ ಕತ್ತರಿಸಿ ಬಿಟ್ಟಂಗ. ಹಂಗ ಮಾಡಿದ್ರ ಹಿಂಡಿಗೆ ಕೂಗಿದಂಗ ಆಗೂದಿಲ್ಲ. ನಿಮ್ಮ ಮಾತೂ ಉಳೀತೈತಿ."

ಅಮೋಗೆಪ್ಪ ಯೋಚಿಸಿದ. ಅವನ ಮುಖದಲ್ಲಿ ಆಸೆ ಬಂದು ಹೋದದ್ದು ಅವಳಿಗೆ ಕಂಡಿತು.

"ಬ್ಯಾಡ ಯವ್ವಾ. ಎಲ್ಲಾನೂ ಬಿಡಾಂವ ಒಂದೊಂದ ಬಿಟ್ಟರೂ ಅಷ್ಟ, ಒಮ್ಮೆಲೆ ಬಿಟ್ಟರೂ ಅಷ್ಟ. ಬೀರಪ್ಪನ ಕಣ್ಣಿಗೆ ಮಣ್ಣೆರಚಲೇನು?" ಎಂದು ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ರುಮಾಲು ಸುತ್ತಿಕೊಂಡ. ಹೊರಗೆ ಬಂದು, ಎಂದೂ ಕಾಲಿಡದ ಲಿಫ್ಟಿನೊಳಗೆ ಅವಳಿಗಿಂತ ಮೊದಲು ಹೋಗಿ ನಿಂತ.

ಕೇಂದ್ರದಲ್ಲಿ ಆಸ್ಮಾ ಮೈಕು ಸರಿಮಾಡಿಟ್ಟು ಕಾಯುತ್ತಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಮುದುಕನ ಮುಖ ನೋಡಿ ಮೈಕನ್ನು ಅವನ ಕಡೆ ಸರಿಸಿದಳು. ಅವನು ರುಮಾಲು ತೆಗೆದು ಮೇಜಿನ ಮೇಲಿಟ್ಟ. ಪರದೆಯ ಚುಕ್ಕಿಗಳು ಅವನಿಗೆ ಅರ್ಥವಾಗುತ್ತಿರಲಿಲ್ಲ, ಅವನು ನೋಡಲೂ ಇಲ್ಲ. ಗಂಟೆಗಳ ಸದ್ದಿಗೆ ಕಿವಿ ಕೊಟ್ಟು ನಿಂತ. ಆಮೇಲೆ ಕೂಗಿದ.

ಅಷ್ಟು ಹತ್ತಿರದಿಂದ ಆ ಕೂಗನ್ನು ಜಕ್ಕವ್ವ ಎಂದೂ ಕೇಳಿರಲಿಲ್ಲ. ಹೊಟ್ಟೆಯೊಳಗಿಂದ ಎದ್ದು ಬಂದು ಕೊನೆಯಲ್ಲಿ ಥಟ್ಟನೆ ಕತ್ತರಿಸಿದ ಕೂಗು. ಒಂದು ಕ್ಷಣ ಎಲ್ಲ ಗಂಟೆಗಳೂ ನಿಂತವು. ಮರುಕ್ಷಣ ಎಲ್ಲವೂ ಒಮ್ಮೆಲೇ ಬಡಿದುಕೊಂಡವು. ಒತ್ತಿ ನಿಂತಿದ್ದ ಚುಕ್ಕಿಗಳು ಸಿಡಿದು ಎರಡೂ ದಂಡೆಗಳ ಮೇಲೆ ಹರಡಿಕೊಂಡವು. ಕುರಿಗಳ ಏದುಸಿರು, ಕಲ್ಲು ಉರುಳುವ ಸದ್ದು, ಅದರ ಹಿಂದೆಯೇ ನೀರಿನ ಸದ್ದು. ಚಪ್ಪರದ ಕಂಬಗಳು ಮುರಿದದ್ದೂ ಕೇಳಿಸಿತು. ಕೆಳಗೆ ಉಳಿದ ಕೆಲವು ಚುಕ್ಕಿಗಳು ಒಂದೊಂದಾಗಿ ಆರಿದವು. ಮಿಕ್ಕವು ಮೇಲೆ ಉಳಿದವು.

"ಬೀರಪ್ಪಾ, ನಿನ್ನವು ನಿನಗ," ಎಂದ ಅಮೋಗೆಪ್ಪ. ರುಮಾಲನ್ನು ತಲೆಗೆ ಸುತ್ತಲಿಲ್ಲ, ಕೈಯಲ್ಲೇ ಹಿಡಿದುಕೊಂಡ.

ಹೊತ್ತು ಇಳಿಯುವ ಮೊದಲೇ ಮಳೆ ನಿಂತಿತು. ಆಸ್ಮಾ ಚಹಾ ತರಿಸಿದಳು. ಕುಡಿಯುತ್ತ, "ಇನ್ನ ಕೂಡಿಸೋ ಕೂಗು ಹಾಕೂಣ್ರಿ. ಆಚೆ ಕೊಳ್ಳದಾಗ ಇನ್ನೊಂದು ಚಪ್ಪರ ಐತಿ, ಎತ್ತರಕ್ಕೈತಿ. ಅಲ್ಲಿಗೆ ಒಯ್ಯೂಣು," ಎಂದಳು.

"ಹಾಕಬ್ಯಾಡ್ರಿ," ಎಂದ ಅಮೋಗೆಪ್ಪ. "ಅವು ಈಗ ನನ್ನವಲ್ಲ."

"ಯಜಮಾನ್ರ, ನಾಳೆ ಬಿಸಲಾಗ ಆ ಬರೇ ಬಂಡಿಗಲ್ಲ ಮ್ಯಾಲ ಸುಟ್ಟು ಸಾಯತಾವ್ರಿ. ಕೂಗೂದು ಮಷಿನ್ನು, ನೀವಲ್ಲ."

"ಗಂಟಲ ನಂದಲ್ಲೇನ್ರಿ?" ಎಂದು ಹೇಳಿ ಅವನು ಹೊರಗೆ ನಡೆದ, ಬಾಗಿಲ ಬಳಿಯ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತ.

ಆಸ್ಮಾ ಜಕ್ಕವ್ವನನ್ನು ನೋಡಿದಳು. "ನೀವ ಒತ್ತಬಿಡ್ರಿ. ಅವರಿಗೆ ಗೊತ್ತಾಗೂದಿಲ್ಲ." ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಾಗಿಲು ಹಾಕಿ ಒಂದು ಗುಂಡಿ ಒತ್ತಿದರೆ ಕುರಿಗಳು ಉಳಿಯುತ್ತಿದ್ದವು, ಮುದುಕನೂ ಏನೂ ತಿಳಿಯದೆ ಮನೆಗೆ ಹೋಗುತ್ತಿದ್ದ. ಜಕ್ಕವ್ವನಿಗೆ ಮತ್ತೊಮ್ಮೆ ಸುಮ್ಮನಿದ್ದರೆ ಸಾಕಿತ್ತು. ಮೂರು ವರ್ಷ ಸುಮ್ಮನಿದ್ದದ್ದರ ಫಲ ಈಗಷ್ಟೇ ಪರದೆಯ ಮೇಲೆ ಆರಿಹೋಗಿತ್ತು.

"ಬ್ಯಾಡ್ರಿ ಮೇಡಂ. ಆ ಮೈಕ್ ಹಚ್ಚಿ ಕೊಡ್ರಿ. ನಾ ಕರದು ನೋಡ್ತೀನಿ."

"ನೀವು? ನಿಮ್ಮ ದನಿ ಅವಕ್ಕ ಗುರತ ಐತೇನು?"

ಅದು ಜಕ್ಕವ್ವನಿಗೂ ಗೊತ್ತಿರಲಿಲ್ಲ. ಹಿಂಡು ಮೇಯಲು ಹೋದಾಗ ಎಳೆಮರಿಗಳು ಬಿಡಾರದಲ್ಲಿ ಹೆಂಗಸರ ಬಳಿ ಉಳಿಯುತ್ತವೆ. ಅವಕ್ಕೆ ಸೊಪ್ಪು ಹಾಕಿ, ತಾಯಿ ಸತ್ತವಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳು. ಆಗಿನ ಮರಿಗಳೇ ಈಗಿನ ಹಿಂಡಿನ ದೊಡ್ಡ ಕುರಿಗಳು. ಆದರೆ ಊರಿಗೆ ಬಂದ ಮೇಲೆ ಅವಳ ದನಿ ಅವುಗಳ ಕಿವಿಗೆ ಬಿದ್ದಿರಲಿಲ್ಲ. ಹೆಂಗಸರು ಹಿಂಡು ಕರೆದದ್ದನ್ನು ಅವಳು ಎಲ್ಲೂ ಕೇಳಿಯೂ ಇರಲಿಲ್ಲ.

ಬಾಗಿಲನ್ನು ಅವಳು ಹಾಕಲಿಲ್ಲ. ಮೈಕಿನ ಮುಂದೆ ಕೂತು, "ಕೂರ್ ಕೂರ್ ಕೂರ್, ಬಾರವ್ವಾ, ಬಾ," ಎಂದಳು. ಚುಕ್ಕಿಗಳು ಕದಲಲಿಲ್ಲ. ಆಸ್ಮಾ ದನಿಯನ್ನು ಹಿಂಡಿನ ಮುಂದುಗಡೆಯ ಕೊರಳುಗಳಿಗೆ ಸರಿಸಿದಳು. ಜಕ್ಕವ್ವ ಮತ್ತೆ ಕರೆದಳು. ಈ ಸಲ ಕಣ್ಣು ಮುಚ್ಚಿಕೊಂಡು, ಬಿಡಾರದ ಮುಂದೆ ಮೊಣಕಾಲೂರಿ ಕೂತವಳಂತೆ, ಸಣ್ಣ ದನಿಯಲ್ಲಿ, ಹೆಸರು ಹಿಡಿದು ಕರೆದಳು: "ಮುರುಕೀ, ಬಾರವ್ವಾ. ಕೂರ್ ಕೂರ್ ಕೂರ್."

ಎಲ್ಲೋ ಒಂದು ಕುರಿ ಉತ್ತರ ಕೊಟ್ಟಿತು. ಕಿವಿಯ ತುದಿ ಮುರಿದಿದ್ದ ಮುರುಕಿ, ಬಾಟಲಿ ಹಾಲು ಕುಡಿದು ಬೆಳೆದದ್ದು, ಈಗ ಮೂರು ಮರಿಗಳ ತಾಯಿ. ಬಂಡೆಯ ಅಂಚಿನಲ್ಲಿದ್ದ ಒಂದು ಚುಕ್ಕಿ ಹೊರಟಿತು. ಅದರ ಹಿಂದೆ ಇನ್ನೆರಡು, ಆಮೇಲೆ ಎಡದಂಡೆಯವೆಲ್ಲ. ಬಲದಂಡೆಯವು ತಡ ಮಾಡಿದವು. ಅವಳು ಗಂಟಲು ಒಣಗಿದರೂ ಬಿಡದೆ ಕರೆದಳು. ಬೆಳಕು ಪೂರಾ ಇಳಿಯುವ ಮುಂಚೆ ಹಿಂಡು ಎತ್ತರದ ಚಪ್ಪರದ ಹಾದಿ ಹಿಡಿದಿತ್ತು. ಆಸ್ಮಾ ಕುರ್ಚಿಗೆ ಒರಗಿ ಎರಡೂ ಕೈಗಳಿಂದ ಮುಖ ಒರೆಸಿಕೊಂಡಳು.

ಜಕ್ಕವ್ವ ಹೊರಗೆ ಬಂದು ಮಾವನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಳು.

"ಬಂದ್ವು?" ಎಂದ ಅವನು, ತಿರುಗದೆ.

"ಬಂದ್ವು ಮಾವಾರ."

"ಯಾರವು ಅವು?"

ನಿಮ್ಮವೇ ಎನ್ನುವ ಮಾತು ಜಕ್ಕವ್ವನ ತುದಿನಾಲಿಗೆಗೆ ಬಂದಿತ್ತು. ಅದು ಅವನಿಗೆ ಹಿತವಾದ ಮಾತು, ಆದರೆ ಸುಳ್ಳು. "ನನ್ನವು," ಎಂದಳು.

ಗೇಟಿನ ಆಚೆ ಬಸ್ಸುಗಳು ಹೋಗುತ್ತಿದ್ದವು. ಮುದುಕನ ಭುಜ ಅಲುಗುತ್ತಿತ್ತು. ಕೊನೆಗೆ ಅವನು ಮೂಗು ಒರೆಸಿಕೊಂಡು ರುಮಾಲು ಸುತ್ತಿಕೊಂಡ.

"ಕುರಿ ಕಾಯಾಕ ಆಳ ಬೇಕಾಗತೈತಲ್ಲ ನಿನಗ."

"ಮಾವಾರ..."

"ವರ್ಷಕ್ಕೊಂದ ಕಂಬಳಿ. ಎರಡ ಹೊತ್ತ ರೊಟ್ಟಿ. ಪಲ್ಲೆಕ್ಕ ಉಪ್ಪ ಸರಿ ಬೀಳಬೇಕು, ಅದನ್ನ ಈಗ ಹೇಳಿಬಿಡ್ತೀನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಉಪ್ಪಿನ ಸುದ್ದಿ ನೀವು ಎತ್ತಬ್ಯಾಡ್ರಿ," ಎಂದಳು.

ಆ ವಾರವೇ ಆಸ್ಮಾ ಅವರಿಬ್ಬರನ್ನೂ ಗಾಜಿನ ಕೋಣೆಗೆ ಕರೆಸಿದಳು. ಹಿಂಡು ಈಗ ಜಕ್ಕವ್ವನ ಹೆಸರಿನಲ್ಲಿತ್ತು, ಕರೆಯುವ ಕೂಗುಗಳನ್ನೆಲ್ಲ ಅವಳ ದನಿಯಲ್ಲೇ ಮುದ್ರಿಸಿದ್ದಾಗಿತ್ತು. ಬಿಟ್ಟ ಕೂಗು ಮಾತ್ರ ಉಳಿದಿತ್ತು. ಉಣ್ಣೆ ಕತ್ತರಿಸಿ ಬಿಟ್ಟ ದನಿ ಅಮೋಗೆಪ್ಪನದು, ಕುರಿಗಳು ಅದಕ್ಕೇ ಓಡುವುದು.

"ಯಜಮಾನ್ರ, ಕೊಡ್ತೀರೇನ್ರಿ?" ಎಂದು ಆಸ್ಮಾ ಅನುಮಾನಿಸುತ್ತ ಕೇಳಿದಳು. "ಮತ್ತ ಅವು ಹೋದಂಗ ಆಗೂದಿಲ್ಲಲ್ಲ?"

"ನಂದಾಗಿದ್ರ ಹೋಗ್ತಿದ್ವು," ಎಂದ ಅಮೋಗೆಪ್ಪ. "ಸಂಬಳದಾಂವ ಕೂಗಿದ್ರ ಅದು ಬರೇ ಕೂಗ್ರಿ."

ಅವನು ಒಳಗೆ ಹೋಗಿ ನಿಂತ. ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಆಸ್ಮಾ ಕೈ ಎತ್ತಿ ಸನ್ನೆ ಮಾಡಿದರೂ ಅವನು ಕೂಗಲಿಲ್ಲ. ಗಾಜಿನ ಈಚೆ ನಿಂತಿದ್ದ ಸೊಸೆಯ ಕಡೆಗೇ ನೋಡುತ್ತಿದ್ದ.

"ಒಡತೀ, ಕೂಗಲೇನು?" ಎಂದು ಕೇಳಿದ.